ಬಲಬಾಗಿಲಿನ ಸ್ಪೀಕರ್

ಕಾಲೇಜು ಹುಡುಗಿಯೊಬ್ಬಳು ಒಳಗೆ ಕೂತಳು, ಕಾರಿನ ಗಾಜುಗಳು ಏರಿದವು. ಮುಂದಿನ ಎರಡು ಬಾಗಿಲುಗಳಲ್ಲಿ ಹೊಸದಾಗಿ ಕೂರಿಸಿದ ಸ್ಪೀಕರುಗಳಿಂದ ಸಾಸಿವೆ ಸಿಡಿದಂಥ ಸಣ್ಣ ಸದ್ದು ನಾಲ್ಕು ಸಲ ಬಂತು. ಆಮೇಲೆ ಐದು ಸೆಕೆಂಡು ಮೌನ. ಆ ಐದು ಸೆಕೆಂಡು ಸ್ಪೀಕರೇ ಕಿವಿಗೊಟ್ಟು ಕೇಳುತ್ತಿತ್ತು.

ಹೊರಗೆ ಕೈಕಟ್ಟಿ ನಿಂತಿದ್ದ ದಾವಲಸಾಬ ನದಾಫನಿಗೆ ಇದೇ ಸೇರಲಿಲ್ಲ. ಸ್ಪೀಕರ್ ಅಂದಮೇಲೆ ಹಾಡಬೇಕು, ಕೇಳುವುದು ಮನುಷ್ಯರ ಕೆಲಸ. ಇದು 2062ನೆಯ ಇಸವಿ. ಹುಬ್ಬಳ್ಳಿಯಲ್ಲಿ ಅವನ ಕಾರ್ ಆಡಿಯೊ ಅಂಗಡಿಗೆ ಮೂವತ್ತು ವರ್ಷದ ಹೆಸರು. ಗದಗ, ಹಾವೇರಿಗಳಿಂದ ಜನ ಬರುತ್ತಿದ್ದದ್ದೇ ಅವನ ಕಿವಿ ನಂಬಿ. ಯಾವ ಕಾರಿನ ಬಾಗಿಲಿಗೆ ಯಾವ ಸ್ಪೀಕರ್ ಹೊಂದುತ್ತದೆಂದು ಅವನೇ ಆರಿಸಿ, ಜೋಡಿಸಿ, ಚಾಲಕನ ಸೀಟಿನಲ್ಲಿ ತಾನೇ ಕೂತು ದನಿಯ ಹದ ಮಾಡಿ ಕೊಡುತ್ತಿದ್ದ. ಚಾಲಕನಿಗೆ ಬಲಬಾಗಿಲು ಹತ್ತಿರ, ಹಾಗಾಗಿ ಆ ಕಡೆಯ ದನಿ ತಗ್ಗಿಸಬೇಕು ಅನ್ನುವುದು ಪುಸ್ತಕದ ಮಾತು. ದಾವಲಸಾಬ ಅದನ್ನು ಏರಿಸುತ್ತಿದ್ದ, ಅದರಲ್ಲೂ ಎತ್ತರದ ಸ್ವರ ನುಡಿಸುವ ಪುಟ್ಟ ಟ್ವೀಟರನ್ನು. ಗಿರಾಕಿಗಳು ತಲೆದೂಗುತ್ತಿದ್ದರು. ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡಕ್ಷರದಲ್ಲಿ 'ನದಾಫ್ ಕಿವಿ' ಎಂದು ಬರೆಸಿದ್ದ. ಜಂಭವೇ ಸರಿ, ಅವನೇನೂ ಅದನ್ನು ಮುಚ್ಚಿಡುತ್ತಿರಲಿಲ್ಲ.

ಈ ಹೊಸ 'ಮಾರ್ದನಿ' ಸ್ಪೀಕರನ್ನು ಕಂಡುಹಿಡಿದವರು ಧಾರವಾಡದ ಕಿವಿವಿಜ್ಞಾನಿ ತ್ರಿವೇಣಿ ಹಂಚಿನಾಳ. "ಕಿವಿ ಬರೇ ಕೇಳಂಗಿಲ್ರೀ ದಾವಲಸಾಬ್ರ, ತಿರುಗಿ ಉತ್ತರಾನೂ ಕೊಡತೈತಿ," ಎಂದು ಮೊದಲ ದಿನವೇ ಬಿಡಿಸಿ ಹೇಳಿದ್ದರು. ಒಳಗಿವಿಯಲ್ಲಿ ಕೂದಲಿನಂಥ ತುದಿಗಳುಳ್ಳ ಸಾವಿರಾರು ಜೀವಕೋಶಗಳಿವೆ. ಸದ್ದು ಬಿದ್ದಾಗ ಅವು ಕುಣಿದು, ಪಿಸುಮಾತಿಗಿಂತಲೂ ಸಣ್ಣದೊಂದು ಮರುಸದ್ದು ಹೊರಡಿಸುತ್ತವೆ. ಸತ್ತ ಕೋಶ ಸುಮ್ಮನಿರುತ್ತದೆ. ಬಾಗಿಲಿನ ಸ್ಪೀಕರ್ ಆ ಉತ್ತರಗಳನ್ನು ಹಿಡಿದು, ಯಾವ ಸ್ವರಕ್ಕೆ ಉತ್ತರ ಬರಲಿಲ್ಲವೋ ಅದನ್ನಷ್ಟೇ ಎತ್ತಿ ನುಡಿಸುತ್ತದೆ.

"ಹಂಗಾದ್ರ ನಾ ಯಾಕ ಬೇಕ್ರಿ?" ಎಂದು ದಾವಲಸಾಬ ಕೇಳಿದ್ದ. ಕೇಳಿದ್ದು ನಗುತ್ತಲೇ, ಆದರೆ ಆ ರಾತ್ರಿ ಊಟ ರುಚಿಸಿರಲಿಲ್ಲ.

ಪಂದ್ಯ ಕಟ್ಟಿದ್ದೂ ಅವನೇ. ಒಂದು ತಿಂಗಳು, ಬಂದ ಪ್ರತಿ ಗಿರಾಕಿಗೂ ಒಂದೇ ಕಾರಿನಲ್ಲಿ ಒಂದೇ ಹಾಡು ಎರಡು ಸಲ: ಒಮ್ಮೆ ಅವನ ಹದ, ಒಮ್ಮೆ ಯಂತ್ರದ ಹದ. ಯಾವುದು ಯಾರದೆಂದು ಹೇಳುವಂತಿಲ್ಲ. ಯಂತ್ರ ಗೆದ್ದರೆ ಬೋರ್ಡ್ ಇಳಿಸುವುದು. ಇವತ್ತು ಕೊನೆಯ ದಿನ.

ಕಾರಿನಿಂದ ಇಳಿದ ಕಾಲೇಜು ಹುಡುಗಿ ಸಂಕೋಚದಿಂದ ಹೇಳಿದಳು: "ಕಾಕಾ, ಎರಡನೇದು ಚಲೋ ಐತ್ರಿ. ಮೊದಲನೇದು ಬಲಗಿವಿಗೆ ಸೂಜಿ ಚುಚ್ಚಿದಂಗ ಆತು."

ಮೊದಲನೆಯದು ದಾವಲಸಾಬನ ಹದ.

ತ್ರಿವೇಣಿ ಲೆಕ್ಕ ಓದಿದರು. ಐವತ್ತು ದಾಟಿದ ಚಾಲಕರಲ್ಲಿ ಹೆಚ್ಚಿನವರಿಗೆ ಎರಡು ಹದಗಳ ನಡುವೆ ವ್ಯತ್ಯಾಸವೇ ಗೊತ್ತಾಗಿಲ್ಲ. ಮೂವತ್ತರ ಒಳಗಿನವರು ಒಬ್ಬರೂ ತಪ್ಪದೆ ಯಂತ್ರವನ್ನೇ ಮೆಚ್ಚಿದ್ದಾರೆ.

"ಈಗಿನ ಹುಡುಗ್ರಿಗೆ ದನಿ ರುಚಿನ ಗೊತ್ತಿಲ್ಲ ಬಿಡ್ರಿ," ಎಂದ ದಾವಲಸಾಬ. ಕುಣಿಯಲಾರದವರು ನೆಲ ಡೊಂಕು ಅಂದಹಾಗಿತ್ತು ಅದು, ಅವನಿಗೂ ಗೊತ್ತಾಗಿ ಮುಖ ಸಣ್ಣದಾಯಿತು.

"ಒಮ್ಮೆ ನೀವ ಕೂಡ್ರಲ್ಲ," ಎಂದರು ತ್ರಿವೇಣಿ.

ತಿಂಗಳಿಡೀ ಅವನು ತಪ್ಪಿಸಿಕೊಂಡಿದ್ದೇ ಇದರಿಂದ. ಅಷ್ಟರಲ್ಲಿ ಹೆಂಡತಿ ಜೈತುನಬಿ ಮಧ್ಯಾಹ್ನದ ಬುತ್ತಿ ಹಿಡಿದು ಬಂದವಳು, ಯಾರನ್ನೂ ಕೇಳದೆ ಎಡಸೀಟಿನಲ್ಲಿ ಕೂತು, "ಬರ್ರಿ, ರೊಟ್ಟಿ ಆರತಾವು," ಎಂದಳು. ಇನ್ನು ಹಿಂದೆಗೆಯುವಂತಿರಲಿಲ್ಲ.

ಸಾಸಿವೆ ನಾಲ್ಕು ಸಲ ಸಿಡಿಯಿತು. ಮೌನ. ಆಮೇಲೆ ಅವನ ಖಾಯಂ ಪರೀಕ್ಷೆಯ ಧ್ವನಿಮುದ್ರಣ ಶುರುವಾಯಿತು: ಮೂವತ್ತೈದು ವರ್ಷದ ಹಿಂದೆ ಅವರಿಬ್ಬರ ಮದುವೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದ ಶಹನಾಯಿ. ಪ್ರತಿ ಕಾರಿನಲ್ಲೂ ಅದನ್ನೇ ಹಾಕಿ ಕೇಳಿದವನು ಅವನು. ಶಹನಾಯಿ ಮುಗಿಯುವಾಗ ಪರದೆಯ ಹಿಂದೆ ತಾನು ಕೈಯಾಡಿಸಿದ ಬಳೆಸದ್ದು ಅದರಲ್ಲಿದೆ ಎಂದು ಜೈತುನಬಿ ವಾದ ಮಾಡುತ್ತಲೇ ಬಂದಿದ್ದಳು. 'ನದಾಫ್ ಕಿವಿಗೆ ಬೀಳದ ಸಪ್ಪಳ ನಿನಗ ಹೆಂಗ ಬಿತ್ತು' ಎಂದು ಅವನು ಅಷ್ಟೇ ಸಲ ಗೇಲಿ ಮಾಡಿದ್ದ.

ಶಹನಾಯಿ ನಿಂತಿತು. ಬಲಬಾಗಿಲಿನ ಕಡೆಯಿಂದ, ತೀರ ಸಣ್ಣಗೆ, ಗಾಜಿನ ಬಳೆಗಳು ಗಲ್ಲೆಂದವು.

ದಾವಲಸಾಬ ಹೆಂಡತಿಯ ಕೈ ನೋಡಿದ. ಅವಳ ಕೈ ಬುತ್ತಿಯ ಮೇಲೆ ಅಲ್ಲಾಡದೆ ಇತ್ತು.

"ಬಳಿ ಸಪ್ಪಳ," ಎಂದ.

"ಅದನ್ನ ಹೇಳಾಕತ್ತೀನಲ್ರೀ, ಇಷ್ಟು ವರ್ಷದಿಂದ," ಎಂದಳು ಜೈತುನಬಿ.

ಅವನು ಮತ್ತೆ ಹಾಕಿದ, ಮತ್ತೆ ಹಾಕಿದ. ಏಳು ಸಲ ಕೇಳಿದ. ಸೋತವನು ಅಷ್ಟು ಸಂತೋಷದಿಂದ ನಗುವುದನ್ನು ತ್ರಿವೇಣಿ ಕಂಡಿರಲಿಲ್ಲ. ರೊಟ್ಟಿ ಆರಿಯೇ ಹೋಯಿತು.

ಆಮೇಲೆ ಅವರು ಅವನ ಕಿವಿಗಳ ಚಿತ್ರ ತೋರಿಸಿದರು. ಎಡಗಿವಿ ಅರ್ಧ ಮಂಕು, ಬಲಗಿವಿಯ ಎತ್ತರದ ಸ್ವರಗಳು ಪೂರಾ ಕತ್ತಲು. "ವಯಸ್ಸಾದಂಗ ಎರಡೂ ಕಿವಿ ಮಂದ ಆಗೂದು ಸಹಜ. ಆದ್ರ ಐವತ್ತು ದಾಟಿದ ಎಲ್ಲಾ ಡ್ರೈವರಗೂ ಬಲಗಿವಿನ ಹೆಚ್ಚು ಹೋಗೇತಿ. ನಿಮ್ಮದೂ ಅವರದೂ ಒಂದ ನಮೂನಿ ಕಿವಿ. ಅದಕ್ಕ ನಿಮ್ಮ ಹದ ಅವರಿಗೆ ಅಷ್ಟು ಸರಿ ಕೂಡತಿತ್ತು."

ಯಾಕೆ ಬಲಗಿವಿ ಎಂದು ಅವನು ಕೇಳಲಿಲ್ಲ. ಬಲಗಡೆ ಕಿಟಕಿ, ಕಿಟಕಿಯಾಚೆ ರಸ್ತೆ, ರಸ್ತೆಯ ತುಂಬ ಹಾರ್ನ್. ವಾಹನಗಳು ತಮ್ಮತಮ್ಮಲ್ಲೇ ಸುದ್ದಿ ಮುಟ್ಟಿಸಿಕೊಳ್ಳತೊಡಗಿದ ಮೇಲೆ ಹಾರ್ನ್ ಬಾಯಿ ಮುಚ್ಚಿ ಹದಿನೈದು ವರ್ಷವಾಗಿತ್ತು. ಆಮೇಲೆ ಸ್ಟೇರಿಂಗ್ ಹಿಡಿದ ಮಕ್ಕಳ ಕಿವಿ ಎರಡೂ ಸಮನಾಗಿದ್ದವು. ಅದಕ್ಕೂ ಮೊದಲು ಇದೇ ಅಂಗಡಿಯಲ್ಲಿ ಪ್ರೆಷರ್ ಹಾರ್ನ್ ಜೋಡಿಸುತ್ತಿದ್ದವನು ಯಾರು? ಒಂದೊಂದನ್ನೂ ಒತ್ತಿ, ಪಕ್ಕದ ಓಣಿಗೂ ಕೇಳಿತೇ ಎಂದು ನೋಡಿ, ಶಹಬ್ಬಾಸ್ ಅನ್ನಿಸಿಕೊಂಡವನು ಯಾರು? ಮಾಡಿದ್ದುಣ್ಣೋ ಮಹಾರಾಯ.

ಮಾತು ಕೊಟ್ಟಂತೆ ಅವನು ಏಣಿ ಹಾಕಿದ. "ಇಳಸಬ್ಯಾಡ್ರಿ, ನಮ್ಮ ವಯಸ್ಸಿನವ್ರಿಗೆ ನೀವ ಬೇಕು," ಎಂದರು ತ್ರಿವೇಣಿ. ದಾವಲಸಾಬ ಬೋರ್ಡನ್ನು ಅಲ್ಲೇ ಬಿಟ್ಟು, ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಬರೆದ: 'ಐವತ್ತು ದಾಟಿದವರಿಗೆ ಮಾತ್ರ'. ಜೈತುನಬಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಏಣಿಯ ಮೇಲಿನಿಂದಲೇ ಅವನು ಕೇಳಿದ: "ಮೇಡಮ್ಮಾರ, ಹೋದ ಕಿವಿ ತಿರುಗಿ ತರತೈತೇನ್ರಿ ನಿಮ್ಮ ಸ್ಪೀಕರ್?"

"ಇಲ್ಲ. ಕಳಕೊಂಡದ್ದನ್ನ ಜೋರು ಮಾಡಿ ಕೇಳಸತೈತಿ, ಅಷ್ಟ."

"ಮತ್ತ ಇದಕ್ಕ ಔಷಧ ಇಲ್ಲೇನು?"

"ಇತ್ತಲ್ರೀ," ಎಂದರು ತ್ರಿವೇಣಿ. "ಎರಡು ಸಾವಿರದ ಇಪ್ಪತ್ತೈದು, ಇಪ್ಪತ್ತಾರರಾಗ ಎಲ್ಲಾರ ಕೈಯಾಗೂ ಇತ್ತು. ಹಾರ್ನ್ ಮ್ಯಾಲಿಂದ ಹೆಬ್ಬಟ್ಟು ತಗದಿದ್ರ ಸಾಕಿತ್ತು."

ಆಗ ದಾವಲಸಾಬನಿಗೆ ಇಪ್ಪತ್ತಾರು. ಅವನು ಕುಂಚವನ್ನು ಎಡಗೈಗೆ ದಾಟಿಸಿ, ಬಣ್ಣ ಮೆತ್ತಿದ ತನ್ನ ಬಲಗೈ ಹೆಬ್ಬೆರಳನ್ನು ನೋಡುತ್ತ ಏಣಿಯ ಮೇಲೆ ನಿಂತ.