ಹೆಸರೆತ್ತಬಾರದ ತಳ

“ಅನ್ನ ತಳ ಹಿಡಿದ್ರೆ ನಮ್ಕಡೆ ಏನಂತಾರೆ ಗೊತ್ತಾ ಟೀಚರಮ್ಮ?”

ಬೋರ್ಡಿನ ಮೇಲೆ ‘ಕೊಡಕ್ಕೆ ತಳ, ಮರಕ್ಕೆ ಬುಡ, ಬೆಟ್ಟಕ್ಕೆ ತಪ್ಪಲು’ ಎಂದು ಬರೆಯುತ್ತಿದ್ದ ಕೌಸಲ್ಯ ಕಿಟಕಿಯತ್ತ ತಿರುಗಿದಳು. ಸ್ಕೂಲ್ ಬಾವಿಯ ರಾಟೆ ಸರಿಮಾಡಲು ಬಂದ ಬೀರಯ್ಯ ಅಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ.

“ಏನಂತಾರೆ?”

“ಟೀಚರಮ್ಮನ ಅಡುಗೆ ಅಂತಾರೆ.”

ಮಕ್ಕಳು ಗೊಳ್ಳೆಂದವು. ತುಮಕೂರಿನಿಂದ ಬಂದು ಲಕ್ಷ್ಮೀದೇವಮ್ಮನ ಮನೆಯಲ್ಲಿ ರೂಮು ಹಿಡಿದಿದ್ದ ಕೌಸಲ್ಯಳ ಸೀದ ಅನ್ನದ ವಾಸನೆ ಆಗಲೇ ಇಡೀ ಚೇಳೂರಿಗೆ ಗೊತ್ತಾಗಿತ್ತು. ಬೈಯಬೇಕೆಂದು ಬಾಯಿ ತೆರೆದಳು. ಆ ಕಣ್ಣಿನ ತುಂಟತನ ನೋಡಿದ್ದೇ ಬೈಗುಳ ಮರೆತುಹೋಯಿತು. ಅಯ್ಯೋ, ಹರೆಯದ ಹುಡುಗಿ, ಪಾಪ, ಅವಳಾದರೂ ಏನು ಮಾಡಿಯಾಳು!

“ಸರಿ, ಬಾವಿಯದ್ದಕ್ಕೆ ಏನಂತೀರಿ?” ಸೋಲಬಾರದೆಂದು ಕೇಳಿದಳು.

ಅವನ ನಗು ಅಲ್ಲೇ ನಿಂತಿತು. “ಅದರ ಹೆಸರು ನಾವು ಎತ್ತಾಕಿಲ್ಲ. ‘ಅಲ್ಲಿ’ ಅಂತೀವಿ, ಅಷ್ಟೇಯ.”

ಬಾವಿಗಿಳಿದು ಹೂಳೆತ್ತುವ ಮನೆತನ ಬೀರಯ್ಯನದು. ಇಳಿದವನ ಜತೆ ಮೇಲಿನಿಂದ ಮಾತಾಡುತ್ತಲೇ ಇರಬೇಕು, ಅದೂ ಅವನ ಮನೆಯ ಹೆಂಗಸೇ ಆಡಬೇಕು ಎನ್ನುವುದು ಅವರ ಪದ್ಧತಿ. ಅವನ ತಾಯಿ ನರಸಿಂಹಮ್ಮ ಕಟ್ಟೆಯ ಮೇಲೆ ಕೂತು ಸಂತೆಯ ಸುದ್ದಿಯನ್ನೆಲ್ಲ ಒದರುತ್ತಿದ್ದಳು. ಕಳೆದ ದೀಪಾವಳಿಯಲ್ಲಿ ಆಕೆ ತೀರಿಕೊಂಡ ಮೇಲೆ ಅವನು ಯಾವ ಬಾವಿಗೂ ಇಳಿದಿರಲಿಲ್ಲ.

1979ರ ಆ ಬೇಸಿಗೆಯಲ್ಲಿ ಲಕ್ಷ್ಮೀದೇವಮ್ಮನ ಬಾವಿ ಬತ್ತಿತು. ಕೌಸಲ್ಯ ಊರಾಚೆಯಿಂದ ಕೊಡ ಹೊತ್ತು ಏದುಸಿರು ಬಿಡುವುದನ್ನು ಬೀರಯ್ಯ ನೋಡಿದ. ಒಂದು ಬೆಳಿಗ್ಗೆ ಹಗ್ಗ ಹೆಗಲಿಗೇರಿಸಿಕೊಂಡು ಬಂದೇಬಿಟ್ಟ.

“ನಿಮ್ಮನೇಲಿ ಹೆಂಗಸರೇ ಇಲ್ವಲ್ಲ! ಯಾರು ಮಾತಾಡೋದು?” ಕೌಸಲ್ಯ ಕೇಳಿದಳು.

“ನೀವೇ ಮಾತಾಡಿ. ನಿಮ್ಮ ದನಿ ಸಾಕು ನಂಗೆ.” ಅವಳ ಕಣ್ಣನ್ನೇ ನೋಡಿದ. “ಹೆಸರು ಮಾತ್ರ ಎತ್ತಬೇಡಿ. ಎತ್ತಿದ್ರೆ ಅದು ಓಗೊಡ್ತದೆ.”

ಅವಳಿಗೆ ನಾಚಿಕೆಯೂ ಆಯಿತು, ಎದೆ ಝಲ್ಲೆಂದಿತು ಕೂಡ. ಪಕ್ಕದ ಮನೆಯ ಪುಟ್ಟರಂಗಯ್ಯ ಮತ್ತವನ ಜತೆಯವರು ಹಗ್ಗ ಹಿಡಿದರು. ಬೀರಯ್ಯ ಕತ್ತಲೆಗಿಳಿದ.

ಕೌಸಲ್ಯ ಮಾತಾಡಿದಳು. ಗುಬ್ಬಿ ಬಸ್ಸು ಕೆಟ್ಟು ನಿಂತದ್ದು, ಹೆಡ್‌ಮಾಸ್ಟರು ಕೊಡೆ ಕಳೆದುಕೊಂಡದ್ದು, ಎಲ್ಲ ಹೇಳಿದಳು. ಕೆಳಗಿನಿಂದ “ಹೂಂ, ಹೂಂ” ಬರುತ್ತಿತ್ತು. ಕೊನೆಗೆ ಮಾತೇ ಖಾಲಿಯಾಯಿತು. ಸುಮ್ಮನಿರುವಂತಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಪಾಠ. ಟೀಚರ್ ಚಾಳಿ ಎಲ್ಲಿ ಹೋಗುತ್ತದೆ!

“ಮರಕ್ಕೆ ಬುಡ, ಬೆಟ್ಟಕ್ಕೆ ತಪ್ಪಲು, ಬಾವಿಗೆ ತಳ...”

ನಾಲಿಗೆ ಕಚ್ಚಿಕೊಂಡಳು. ಹೂಂಗುಟ್ಟುವುದು ನಿಂತಿತು.

“ಬಾ ಬೀರಯ್ಯ. ಇನ್ನೂ ಕೆಳಗೆ ಬಾ.”

ಬಾವಿಯೊಳಗಿನಿಂದ ಬಂದ ಆ ದನಿ ಕೌಸಲ್ಯಳದೇ ಆಗಿತ್ತು. ಅವಳ ಬಾಯಿ ಮುಚ್ಚಿಯೇ ಇತ್ತು.

“ಹಗ್ಗ ಬಿಚ್ಕೊಂಡವ್ನೆ!” ಪುಟ್ಟರಂಗಯ್ಯ ಬಿಳಿಚಿಕೊಂಡ. ಹಗ್ಗ ಅವನ ಕೈಯಲ್ಲಿ ಸಡಿಲವಾಗಿ ತೂಗುತ್ತಿತ್ತು.

“ಮನೆ ಹೆಂಗಸು ‘ಇವ್ರು ನಮ್ಮೋರು, ಕೊಡು’ ಅಂತ ಕೇಳ್ಬೇಕು ಕಣವ್ವ,” ಎಂದಳು ಲಕ್ಷ್ಮೀದೇವಮ್ಮ. “ಆದ್ರೆ ನೀನು ಅವನಿಗೇನಾಗ್ಬೇಕು? ಬಾವಿ ಮುಂದೆ ಅಂದ ಮಾತು ಆಮೇಲೆ ಹಿಂದಕ್ಕೆ ತಗೊಳ್ಳೋ ಹಂಗಿಲ್ಲ. ನಿಮ್ಮಪ್ಪಂಗೆ ಏನ್ ಹೇಳ್ತೀಯ?”

ತುಮಕೂರಿನಲ್ಲಿ ಅಪ್ಪ ವೆಂಕಟೇಶಯ್ಯ ಬ್ಯಾಂಕ್ ಕೆಲಸದ ಗಂಡು ಗೊತ್ತುಮಾಡಿದ್ದರು. ಬೇರೆ ಜಾತಿಯ ಬೀರಯ್ಯನ ಹೆಸರು ಹೇಳಿದರೆ ಆ ಮನೆಯ ಬಾಗಿಲು ಅವಳಿಗೆ ಮುಚ್ಚಿದಂತೆಯೇ. ಅಮ್ಮನ ಮುಖ ಕಣ್ಣ ಮುಂದೆ ಬಂತು.

ಕೆಳಗೆ ಅವಳದೇ ದನಿ ಮತ್ತೆ ಕರೆಯಿತು, ಬಲು ಪ್ರೀತಿಯಿಂದ. ಅಷ್ಟು ಪ್ರೀತಿಯಿಂದ ಅವಳು ಅವನನ್ನು ಒಮ್ಮೆಯೂ ಕರೆದಿರಲಿಲ್ಲ. ಕೌಸಲ್ಯಳ ಹೊಟ್ಟೆ ಉರಿದುಹೋಯಿತು.

ಬೀದಿಯ ಜನವೆಲ್ಲ ನೋಡುತ್ತಿದ್ದಂತೆ ಕಟ್ಟೆಯ ಮೇಲೆ ಬಗ್ಗಿ ಕೂಗಿದಳು. “ಇವ್ರು ನಮ್ಮೋರು, ಕೊಡು! ನಾನು ಇವರ ಹೆಂಡ್ತಿ! ರೀ, ಮೇಲೆ ಬನ್ರೀ, ನೀವಿಲ್ದೆ ನಾನಿರಲ್ಲ!”

ಬಾವಿಯಲ್ಲಿ ಸದ್ದೇ ಇಲ್ಲ. ಅವಳು ಮತ್ತೆ ಕೂಗಿದಳು, ಗಂಟಲು ಬಿರಿಯುವ ಹಾಗೆ ಅತ್ತಳು. ಹಗ್ಗ ಮತ್ತೆ ಬಿಗಿಯಾಯಿತು.

ಮೇಲೆ ಬಂದ ಬೀರಯ್ಯನ ಮೈಯೆಲ್ಲ ಕೆಸರು, ತುಟಿ ನೀಲಿ. ಅವಳು ಅವನ ಕೈ ಹಿಡಿದವಳು ಬಿಡಲೇ ಇಲ್ಲ.

“ಎರಡೂ ಕಡೆಯಿಂದ ನೀನೇ ಕರೆದೆ ಕಣೇ ಕೌಸಲ್ಯ,” ಎಂದ. “ಎರಡೂ ನಿಂದೇ ದನಿ. ಯಾವ ಕಡೆ ಹೋಗ್ಲಿ ಅಂತಾನೇ ತಿಳೀಲಿಲ್ಲ.”

“ಮತ್ತೆ ಹೇಗೆ ಬಂದ್ರಿ?”

“ಕೆಳಗಿನ ದನಿಗೆ ಒಂಚೂರೂ ಭಯ ಇರ್ಲಿಲ್ಲ. ಮೇಲಿಂದು ಗಡಗಡ ನಡುಗ್ತಿತ್ತು. ನನ್ನ ಕಳ್ಕೊಂಬುಡ್ತೀನಿ ಅಂತ ಹೆದರ್ತಿದ್ದೋಳ ಕಡೆ ಬಂದೆ.”