ಎಂಬತ್ತೆರಡು ಡಿಗ್ರಿ ಮಾಡಿದ್ದು ಯಾರು?

"ಮೊದಲು ನಿಮ್ಮ ಡ್ರೈವಿಂಗ್ ಲೈಸೆನ್ಸ್ ತೋರಿಸಿ!"

ಬಾಗಿಲು ನಾಲ್ಕು ಬೆರಳಿನಷ್ಟೇ ತೆರೆದಿತ್ತು. ಒಳಗಿನ ಚೈನ್ ಸಿಕ್ಕಿಸಿಯೇ ಇತ್ತು. ಆ ಸಂದಿಯಲ್ಲಿ ಮೃಣಾಲಿನಿಯ ಒಂದು ಕಣ್ಣು, ಅರ್ಧ ಮುಖ, ಮತ್ತು ಫೋನ್ ಹಿಡಿದ ಕೈ ಮಾತ್ರ ಕಾಣುತ್ತಿದ್ದವು.

ಹೊರಗೆ ಡಲ್ಲಾಸ್ ಪಕ್ಕದ ಅಲೆನ್‌ನ ಜುಲೈ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿ ಸುರಿಯುತ್ತಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ಎತ್ತರದ ಮನುಷ್ಯ ಟೂಲ್ ಬಾಕ್ಸ್ ಕೆಳಗಿಟ್ಟು, ಬೆವರು ಒರೆಸಿಕೊಂಡು, ಜೇಬಿನಿಂದ ಲೈಸೆನ್ಸ್ ತೆಗೆದು ಸಂದಿಯ ಹತ್ತಿರ ಹಿಡಿದ.

"ನಾ ಹಾಲಪ್ಪರೀ. ಅನಘಾ ಅವರು ಕಳ್ಸ್ಯಾರ. ಥರ್ಮೋಸ್ಟಾಟ್ ಹಾಕಬೇಕಂತಲ್ಲ?"

ಅವಳು ಲೈಸೆನ್ಸಿನ ಫೋಟೋ ತೆಗೆದುಕೊಂಡಳು. ಅವನ ಕಾರಿನ ನಂಬರ್ ಪ್ಲೇಟಿನದೂ. ಎರಡನ್ನೂ ಗೆಳತಿ ಅನಘಾಗೆ ಕಳಿಸಿದಳು. "ಹೌದು ಮಾರಾಯ್ತಿ, ಅವರೇ! ಒಳಗೆ ಕರಿ!" ಎಂಬ ಉತ್ತರ ಬಂದ ಮೇಲಷ್ಟೇ ಚೈನ್ ತೆಗೆದಳು.

'ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ... ಇನ್ನೊಂದು ಸಲ ಮೋಸ ಹೋಗೋಕೆ ನನ್ನಲ್ಲಿ ಶಕ್ತಿ ಇಲ್ಲ.'

ಆದರೆ ಅವನು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಬೂಟು ಬಾಗಿಲಲ್ಲೇ ಬಿಟ್ಟು, "ಒಂದ್ ಲೋಟ ನೀರು ಕೊಡ್ತೀರೇನ್ರಿ?" ಎಂದ.

ಮೃಣಾಲಿನಿ ಮೈಸೂರಿನವಳು. ಲಾಸ್ ಕೊಲಿನಾಸ್‌ನ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ. ಎರಡು ವರ್ಷದ ಹಿಂದಿನವರೆಗೆ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ದುಷ್ಯಂತನ ಹೆಂಡತಿಯಾಗಿದ್ದಳು.

ಆ ಮನೆಯಲ್ಲೂ ಎಸಿಯ ತಂಪು ಹೆಚ್ಚುಕಡಿಮೆ ಮಾಡುವ ಒಂದು ಥರ್ಮೋಸ್ಟಾಟ್ ಇತ್ತು. ಅದರ ಆ್ಯಪ್ ದುಷ್ಯಂತನ ಫೋನಿನಲ್ಲಿ ಮಾತ್ರ! ಬೆಳಿಗ್ಗೆ ಜಗಳವಾದರೆ ಸಾಕು, ಮಧ್ಯಾಹ್ನ ಅವನು ಆಸ್ಟಿನ್‌ನ ಆಫೀಸಿನಲ್ಲಿ ಕೂತು ಮನೆಯನ್ನು ಎಂಬತ್ತೈದು ಡಿಗ್ರಿಗೆ ಏರಿಸುತ್ತಿದ್ದ. ಫೋನ್ ಮಾಡಿದರೆ ನಗುತ್ತಿದ್ದ. "ಸಾರಿ ಅನ್ನು, ತಣ್ಣಗೆ ಮಾಡ್ತೀನಿ." ಅಷ್ಟೇ ಅಲ್ಲ... "ಎರಡು ಗಂಟೆಗೆ ಮನೇಲಿ ಯಾರೋ ಓಡಾಡಿದ್ದಾರೆ ಅಂತ ತೋರಿಸ್ತಿದೆ. ಯಾರು ಬಂದಿದ್ರು?" ಎಂದು ಸಂಜೆ ವಿಚಾರಣೆ ಬೇರೆ.

ಗೋಡೆಯ ಮೇಲಿನ ಆ ಪುಟ್ಟ ದುಂಡು ಯಂತ್ರವನ್ನು ಕಂಡರೇ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಎರಡು ಸೂಟ್‌ಕೇಸ್ ಕಾರಿಗೆ ಹಾಕಿಕೊಂಡು ಡಲ್ಲಾಸ್ ಕಡೆ ಡ್ರೈವ್ ಮಾಡಿಬಿಟ್ಟಿದ್ದಳು.

ಈಗ ಈ ಸಣ್ಣ ಮನೆಯ ಹಳೆಯ ಥರ್ಮೋಸ್ಟಾಟ್ ಕೆಟ್ಟಿತ್ತು. ಅವಳು ಹಟದಿಂದಲೇ ವೈಫೈ ಇರುವ ಹೊಸದನ್ನು ಕೊಂಡಿದ್ದಳು. ಈ ಸಲ ಆ್ಯಪ್ ನನ್ನ ಫೋನಿನಲ್ಲಿ ಮಾತ್ರ ಇರಬೇಕು!

"ನೀವು ಏನು ಮಾಡ್ತೀರೋ ನಾನು ಇಲ್ಲೇ ನಿಂತು ನೋಡ್ತೀನಿ," ಎಂದಳು.

ಹಾಲಪ್ಪ ಅವಳ ಮುಖವನ್ನು ಒಂದು ಕ್ಷಣ ನೋಡಿ ಸ್ಕ್ರೂಡ್ರೈವರ್ ಅವಳ ಕೈಗೇ ಕೊಟ್ಟ.

"ನೋಡೋದ್ಯಾಕ್ರಿ? ನೀವೇ ಮಾಡ್ರಿ. ನಾ ಬರೇ ಬಾಯಿಲೆ ಹೇಳ್ತೀನಿ, ಮುಟ್ಟಂಗಿಲ್ಲ."

"ನಾನಾ?"

"ಮೊದಲ ಗ್ಯಾರೇಜಿಗೆ ಹೋಗಿ ಬ್ರೇಕರ್ ಆಫ್ ಮಾಡ್ರಿ. ಕರೆಂಟ್ ಇದ್ದಾಗ ವೈರ್ ಮುಟ್ಟಬಾರದು."

ಅವಳು ಆಫ್ ಮಾಡಿ ಬಂದಳು. ಹಳೆಯದರ ಮುಚ್ಚಳ ತೆಗೆದಾಗ ಒಳಗೆ ಐದು ಬಣ್ಣದ ತಂತಿಗಳು! ಒಂದೊಂದರ ಪಕ್ಕ ಒಂದೊಂದು ಅಕ್ಷರ.

"ಬಿಚ್ಚೋಕಿಂತ ಮೊದಲ ಫೋಟೋ ತಗೋರಿ. ಯಾವ ಅಕ್ಷರಕ್ಕ ಯಾವ ಬಣ್ಣ ಅಂತ ಮರೀಬಾರದು. ಹಾಂ... ಈಗ ಒಂದೊಂದೇ ಬಿಚ್ಚಿ, ಹೊಸಾದ್ರಾಗ ಅದೇ ಅಕ್ಷರಕ್ಕ ಸಿಗಸ್ರಿ."

ನೀಲಿ ತಂತಿ ಎರಡು ಸಲ ಜಾರಿತು. ಅವನು ಕೈ ಚಾಚಲಿಲ್ಲ, ಅವಸರ ಮಾಡಲಿಲ್ಲ. ಅರ್ಧ ಗಂಟೆಯ ನಂತರ ಬ್ರೇಕರ್ ಹಾಕಿದಾಗ ಗೋಡೆಯ ಮೇಲೆ ಅಂಕಿಗಳು ಬೆಳಗಿದವು!

"ಬಂತು!" ಎಂದು ಅವಳು ಚಿಕ್ಕ ಹುಡುಗಿಯಂತೆ ಕೂಗಿದಳು.

ಪಾಸ್‌ವರ್ಡ್ ಹಾಕುವಾಗ ಅವಳು ಹೇಳದೆಯೇ ಅವನು ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತ. ಆ್ಯಪ್ ಒಂದರ ಹಿಂದೊಂದು ಏಳೆಂಟು ಪುಟ ತೋರಿಸಿತು. ಅವಳು ಎಲ್ಲಕ್ಕೂ 'ಒಪ್ಪಿಗೆ' ಒತ್ತಿದಳು. ಬಳಿಕ ಏಳುವ ಹೊತ್ತು, ಆಫೀಸಿಗೆ ಹೊರಡುವ ಹೊತ್ತು, ವಾಪಸ್ ಬರುವ ಹೊತ್ತು, ಮಲಗುವ ಹೊತ್ತು... ಒಂದೊಂದಕ್ಕೂ ಎಷ್ಟು ಡಿಗ್ರಿ ಬೇಕೆಂದು ತಾನೇ ತುಂಬಿದಳು.

'ನನಗೆ ಎಷ್ಟು ತಂಪು ಬೇಕು ಅಂತ ನನ್ನನ್ನೇ ಯಾರೂ ಕೇಳಿರಲಿಲ್ಲ ಅಲ್ವಾ...'

ಕಣ್ಣು ತುಂಬಿ ಬಂತು. ಹಾಲಪ್ಪ ಇನ್ನೂ ಕಿಟಕಿಯ ಕಡೆಯೇ ನೋಡುತ್ತಿದ್ದ.

ಆಮೇಲಿನ ಆರು ವಾರ ಹೇಗೆ ಕಳೆದವೋ! ಒಂದು ಶನಿವಾರ ಅನಘಾಳ ಮನೆಯಲ್ಲಿ ಊಟ. ಅವನು ಗದಗಿನ ಶೇಂಗಾ ಚಟ್ನಿಪುಡಿ ತಂದಿದ್ದ. ಇನ್ನೊಂದು ಸಂಜೆ ಲಾಸ್ ಕೊಲಿನಾಸ್‌ನ ಕಾಲುವೆಯ ಪಕ್ಕ ಕಾಫಿ. ಮೃಣಾಲಿನಿ ದುಷ್ಯಂತನ ಕಥೆಯನ್ನೆಲ್ಲ ಹೇಳಿದಳು. ಅವನು ಸಲಹೆ ಕೊಡಲಿಲ್ಲ, ಸುಮ್ಮನೆ ಕೇಳಿದ.

ಅವನ ಕೆಲಸ ದೊಡ್ಡ ಕಟ್ಟಡಗಳ ಎಸಿ ನಿಯಂತ್ರಿಸುವುದು. "ಪ್ಲೇನೋ ಆಫೀಸಿನ್ಯಾಗ ಕುಂತು ಹ್ಯೂಸ್ಟನ್ ಬಿಲ್ಡಿಂಗಿನ ಎಸಿ ತಿರುವಬಹುದ್ರಿ!" ಎಂದು ಒಮ್ಮೆ ಹೆಮ್ಮೆಯಿಂದ ಹೇಳಿದ್ದ. ಆಗ ಅವಳಿಗೆ ಅದು ತಮಾಷೆಯಾಗಿ ಕಂಡಿತ್ತು.

ಆಗಸ್ಟ್ ಕೊನೆಯ ಒಂದು ಭಾನುವಾರ ಅವನು ತಡವರಿಸುತ್ತಾ ಹೇಳಿದ, "ಮುಂದಿನ ತಿಂಗಳು ನಾ ಹ್ಯೂಸ್ಟನ್‌ಗೆ ಶಿಫ್ಟ್ ಆಗ್ಲಿಕತ್ತೀನ್ರಿ. ಒಂದ್ ವರ್ಷದ ಪ್ರಾಜೆಕ್ಟ್. ನೀವೂ ಒಮ್ಮೆ ಬಂದು ನೋಡ್ರಲ್ಲ..."

ಆ ಮಾತಿನ ಹಿಂದೆ ಏನಿದೆ ಎಂದು ಅವಳಿಗೆ ಗೊತ್ತಾಯಿತು. ಎದೆ ಹಾರಿತು. ಹೆದರಿಕೆಯೂ ಆಯಿತು.

"ನಾನು ಈಗಲೇ ಏನೂ ಹೇಳಕ್ಕಾಗಲ್ಲ!" ದನಿ ಬೇಕಾದ್ದಕ್ಕಿಂತ ಒರಟಾಗಿತ್ತು.

ಅವನ ಮುಖ ಬಾಡಿತು. "ಹೂಂ... ಆತ್ರಿ," ಎಂದಷ್ಟೇ ಹೇಳಿ ಹೊರಟುಹೋದ.

ಮರುದಿನ ಸೋಮವಾರ. ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ನಾಲ್ಕಕ್ಕೆ ಮೀಟಿಂಗ್ ನಡುವೆ ಕುತ್ತಿಗೆಯಲ್ಲಿ ಬೆವರು ಇಳಿಯಿತು. ಎದ್ದು ಹೋಗಿ ನೋಡಿದಳು.

ಎಂಬತ್ತೆರಡು!

ಅವಳು ಇಟ್ಟಿದ್ದು ಎಪ್ಪತ್ತೈದು. ಆ್ಯಪ್ ತೆರೆದಳು. ಅಲ್ಲಿ ಒಂದೇ ಸಾಲು: 'ಹೊರಗಿನಿಂದ ಬದಲಾಯಿಸಲಾಗಿದೆ.'

ದುಷ್ಯಂತನಿಗೆ ಈ ವಿಳಾಸವೇ ಗೊತ್ತಿಲ್ಲ. ಹಾಗಾದರೆ...

'ಎಲ್ಲೋ ಕೂತು ಎಲ್ಲಿಯದೋ ಎಸಿ ತಿರುಗಿಸೋದು ಯಾರ ಕೆಲಸ? ನಿನ್ನೆ ನಾನು ಹೂಂ ಅನ್ನದೇ ಇದ್ದಿದ್ದು ಯಾರಿಗೆ?'

ಛೇ, ಇರಲಾರದು ಎಂದುಕೊಂಡು ಇಳಿಸಿದಳು. ಆದರೆ ಮಂಗಳವಾರ ಮತ್ತೆ ಅದೇ ನಾಲ್ಕು ಗಂಟೆ... ಮತ್ತೆ ಎಂಬತ್ತೆರಡು! ಅವಳು ಫೋನ್ ಮಾಡಿದಳು.

"ನನ್ನ ಮನೆಯನ್ನ ಯಾಕೆ ಬಿಸಿ ಮಾಡ್ತಿದ್ದೀರಾ?"

"ಏನ್ರೀ?"

"ನಾಟಕ ಬೇಡ! ಹೂಂ ಅನ್ನದೇ ಇದ್ದಿದ್ದಕ್ಕೆ ಇದು ಶಿಕ್ಷೆನಾ? ದುಷ್ಯಂತ್ ಮಾಡಿದ್ದನ್ನೆಲ್ಲ ನಿಮ್ಮ ಹತ್ರಾನೇ ಹೇಳಿದ್ನಲ್ಲ, ಅದನ್ನೇ ಕಲಿತ್ರಾ?"

"ನಾ ಅಲ್ಲರೀ," ಎಂದ. "ಒಂದ್ ಮಾತು ಕೇಳ್ರಿ, ಅದು..."

ಅವಳು ಕೇಳಲಿಲ್ಲ. ಕಟ್ ಮಾಡಿದಳು. ನಂಬರ್ ಬ್ಲಾಕ್ ಮಾಡಿದಳು. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು.

ಎರಡು ದಿನದ ನಂತರ ಅನಘಾ ಹಾಲಪ್ಪನ ಒಂದು ಚೀಟಿ ತಂದುಕೊಟ್ಟಳು. ಅದರಲ್ಲಿ ಥರ್ಮೋಸ್ಟಾಟನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುವುದು ಹೇಗೆಂದು ಹಂತಹಂತವಾಗಿ ಬರೆದಿತ್ತು. ಕೊನೆಯಲ್ಲಿ ಒಂದು ಸಾಲು: 'ಇಷ್ಟು ಮಾಡಿದ್ರ ಹೊರಗಿನವರು ಯಾರೂ ಮುಟ್ಟಂಗಿಲ್ಲ. ನಾನೂ.'

"ಏನಾಯ್ತೇ ನಿಮ್ಮಿಬ್ಬರಿಗೆ? ಅವರೂ ಬಾಯಿ ಬಿಡ್ತಿಲ್ಲ," ಎಂದಳು ಅನಘಾ.

"ಏನಿಲ್ಲ... ಬಿಡು."

ಮೃಣಾಲಿನಿ ಎಲ್ಲವನ್ನೂ ಅಳಿಸಿ, ಈ ಸಲ ಬೇಕಾದಷ್ಟಕ್ಕೆ ಮಾತ್ರ ಒಪ್ಪಿಗೆ ಒತ್ತಿ ಮತ್ತೆ ಹಾಕಿದಳು. ಅಂದಿನಿಂದ ಒಂದು ದಿನವೂ ಅಂಕಿ ಏರಲಿಲ್ಲ!

'ನೋಡಿದ್ಯಾ! ಅಳಿಸಿದ ತಕ್ಷಣ ನಿಂತುಹೋಯ್ತು. ಅಂದ್ರೆ ಅವರೇ...'

ಅನುಮಾನ ಈಗ ಗಟ್ಟಿಯಾಯಿತು. ಆದರೂ ನೆಮ್ಮದಿ ಬರಲಿಲ್ಲ. ಬೀದಿಯಲ್ಲಿ ಕಾರು ನಿಧಾನವಾದರೆ ಪರದೆ ಸರಿಸಿ ನೋಡುತ್ತಿದ್ದಳು. ಆಫೀಸಿನಿಂದ ಬಂದೊಡನೆ ಮೊದಲು ಗೋಡೆಯನ್ನೇ ನೋಡುತ್ತಿದ್ದಳು. ಹಾಲಪ್ಪ ಹ್ಯೂಸ್ಟನ್‌ಗೆ ಹೋದ ಎಂದು ಅನಘಾ ಹೇಳಿದಾಗ 'ಒಳ್ಳೇದೇ ಆಯ್ತು' ಎಂದುಕೊಂಡಳು... ಆ ದಿನ ಊಟ ಸೇರಲಿಲ್ಲ.

ಮೂರು ವಾರ ಹೀಗೇ ಕಳೆಯಿತು. ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ಅವಳು ಅನಘಾಳ ಮನೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ಸೆಕೆ ಎನ್ನಿಸಿತು. ತಲೆ ಎತ್ತಿ ಗೋಡೆ ನೋಡಿದಳು.

ಎಂಬತ್ತೆರಡು!

ಕೈಯಲ್ಲಿದ್ದ ಕಪ್ ಕೆಳಗಿಟ್ಟಳು. "ಅನಘಾ! ನಿಮ್ಮನೇದನ್ನೂ ಅವರೇ ಹಾಕಿದ್ದಾ?"

"ಯಾರು?"

"ಹಾಲಪ್ಪ!"

"ಇಲ್ಲಪ್ಪ, ಮನೆ ಕಟ್ಟಿದ ಬಿಲ್ಡರೇ ಹಾಕಿದ್ದು. ಯಾಕೆ?" ಅನಘಾ ಗೋಡೆಯ ಕಡೆ ನೋಡಿ ನಕ್ಕಳು. "ಓ, ಇದಾ? ಕರೆಂಟ್ ಕಂಪನಿಯವರು. ಬಿಸಿಲಿಗೆ ಎಲ್ಲರೂ ಎಸಿ ಹಾಕಿ ಲೋಡ್ ಜಾಸ್ತಿ ಆದಾಗ ಅವರೇ ಎಲ್ಲರ ಮನೇದೂ ಸ್ವಲ್ಪ ಏರಿಸ್ತಾರೆ. ಅದಕ್ಕೆ ಶುರುವಲ್ಲೇ ಒಪ್ಪಿಗೆ ತಗೊಂಡಿರ್ತಾರೆ. ನೀನೂ ಒತ್ತಿರ್ತೀಯ, ಮೇಲ್ ನೋಡು."

ಮೃಣಾಲಿನಿ ಫೋನ್ ತೆಗೆದಳು. ಯಾವತ್ತೂ ತೆರೆಯದ ಜಾಹೀರಾತಿನ ಮೇಲ್‌ಗಳ ಮಧ್ಯೆ ಮೂರು ಸಂದೇಶಗಳು ಕೂತಿದ್ದವು. ಮೊದಲೆರಡು ಆ ಸೋಮವಾರ ಮತ್ತು ಮಂಗಳವಾರದವು: 'ನಿಮ್ಮ ಒಪ್ಪಿಗೆಯಂತೆ ಇಂದು ನಾಲ್ಕರಿಂದ ಆರರವರೆಗೆ...' ಮೂರನೆಯದು ಅವಳು ಅಳಿಸಿದ ದಿನದ್ದು: 'ನಿಮ್ಮ ಥರ್ಮೋಸ್ಟಾಟ್ ಯೋಜನೆಯಿಂದ ಹೊರಬಂದಿದೆ.'

'ಅಯ್ಯೋ... ನಾನೇನು ಮಾಡಿಬಿಟ್ಟೆ!'

ಅನಘಾಳಿಗೆ ಎಲ್ಲವನ್ನೂ ಹೇಳಿ, ಹಾಲಪ್ಪನ ವಿಳಾಸ ಈಸಿಕೊಂಡಳು. ಬ್ಲಾಕ್ ತೆಗೆದು 'ಸಾರಿ' ಎಂದು ಟೈಪ್ ಮಾಡಿದಳು, ಅಳಿಸಿದಳು. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಭಾನುವಾರ ಬೆಳಿಗ್ಗೆ ಕಾರು ಹತ್ತಿದಳು. ಹ್ಯೂಸ್ಟನ್‌ವರೆಗೂ ಒಂದೇ ಉಸಿರಿಗೆ ಡ್ರೈವ್ ಮಾಡಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋರಾಗಿ ಹೇಳಿಕೊಂಡಳು.

ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಹಾಲಪ್ಪ ಕಾರಿನಿಂದ ಜೋಳದ ಹಿಟ್ಟಿನ ಚೀಲ ಇಳಿಸುತ್ತಿದ್ದ. ಅವಳನ್ನು ಕಂಡು ಚೀಲ ಹಿಡಿದುಕೊಂಡೇ ನಿಂತುಬಿಟ್ಟ.

"ಮೃಣಾಲಿನಿ ಅವರ... ನೀವು?"

ಕಲಿತ ಮಾತುಗಳೆಲ್ಲ ಮರೆತುಹೋದವು. "ಕರೆಂಟ್ ಕಂಪನಿ," ಎಂದಳು. "ನೀವಲ್ಲ... ತಪ್ಪು ನಂದು. ಕ್ಷಮಿಸಿ."

ಅವನು ತಲೆ ತಗ್ಗಿಸಿದ. "ಗೊತ್ತಿತ್ರಿ ನನಗ."

"ಏನು ಗೊತ್ತಿತ್ತು?"

"ನೀವು ಫೋನ್ ಮಾಡಿದ ಕೂಡ್ಲೇ ಹೊಳೀತು. ಅಂಥಾ ಬಿಸಿಲಾಗ, ಅದೂ ನಾಲ್ಕು ಗಂಟೇಕ್ಕ... ಕಂಪನಿಯವರೇ ಇರಬೇಕು ಅಂತ."

"ಮತ್ತೆ ಯಾಕೆ ಹೇಳ್ಲಿಲ್ಲ? ಅನಘಾ ಕೈಲಿ ಚೀಟಿ ಕಳಿಸಿದ್ರಲ್ಲ, ಅದರಲ್ಲೇ ಬರೀಬಹುದಿತ್ತು!"

"ಫೋನಿನ್ಯಾಗ ಹೇಳ್ಲಿಕ್ಕೆ ಹೋದೆ, ನೀವು ಕಟ್ ಮಾಡಿದ್ರಿ. ಆಮ್ಯಾಲ ಪುರಾವೆ ಕೊಟ್ಟು ನಿಮ್ಮ ನಂಬಿಕೆ ಗಳಿಸೋದು ಬ್ಯಾಡ ಅನಿಸ್ತು. ಇವತ್ತು ಇದಕ್ಕ ಕೊಟ್ರ ನಾಳೆ ಇನ್ನೊಂದಕ್ಕ ಕೊಡಬೇಕು." ಅವನು ತಡೆದು ಸೇರಿಸಿದ, "ಸುಳ್ಳು ಯಾಕ ಹೇಳ್ಲಿ... ಸಿಟ್ಟೂ ಬಂದಿತ್ತು. ಆ ಮನುಷ್ಯಾನ ಜೋಡಿ ನನ್ನ ಹೋಲಿಸಿದ್ರಲ್ಲ."

ಮೃಣಾಲಿನಿಯ ಕಣ್ಣಲ್ಲಿ ನೀರಿನ ಜೊತೆ ಬೆಂಕಿಯೂ ಮಿನುಗಿತು.

"ಮೂರು ವಾರ, ಹಾಲಪ್ಪ! ಮೂರು ವಾರ ನನ್ನ ಮನೇಲೇ ನಾನು ಹೆದರಿಕೊಂಡು ಬದುಕಿದೀನಿ. ಯಾರೋ ನೋಡ್ತಿದ್ದಾರೆ ಅಂತ ಪರದೆ ಎಳೆದು ಕೂತಿದೀನಿ. ನೀವು ಒಂದು ಸಾಲಲ್ಲಿ ಅದನ್ನ ನಿಲ್ಲಿಸಬಹುದಿತ್ತು. ನಿಮ್ಮ ಸ್ವಾಭಿಮಾನಕ್ಕೋಸ್ಕರ ನನ್ನ ಹೆದರಿಕೇನ ಹಾಗೇ ಬಿಟ್ರಾ?"

ಹಾಲಪ್ಪ ಚೀಲವನ್ನು ನಿಧಾನವಾಗಿ ನೆಲಕ್ಕಿಟ್ಟ. ಈ ಕಡೆಯಿಂದ ಅವನು ಎಂದೂ ಯೋಚಿಸಿರಲಿಲ್ಲ.

"ಹೌದ್ರಿ..." ಅವನ ದನಿ ಕೆಳಗಿಳಿಯಿತು. "ಭಾಳ ದೊಡ್ಡ ತಪ್ಪಾತು. ನನ್ನ ನೋವೊಂದೇ ಕಂಡಿತು ನನಗ. ನೀವು ಅಂಜಿಕೊಂಡು ಕುಂತಿರಬಹುದು ಅಂತ ತಲೀಗೇ ಬರಲಿಲ್ಲ."

ಯಾವ ನೆಪವನ್ನೂ ಅವನು ಹೇಳಲಿಲ್ಲ. ದುಷ್ಯಂತನ ಬಾಯಲ್ಲಿ ಏಳು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತನ್ನು ಅವಳು ಕೇಳುತ್ತಾ ನಿಂತಳು. ಎದೆಯೊಳಗೆ ಬಿಗಿದುಕೊಂಡಿದ್ದದ್ದು ಏನೋ ಸಡಿಲವಾಯಿತು.

"ನನಗೆ ಮತ್ತೆ ಅನುಮಾನ ಬರಬಹುದು," ಎಂದಳು ಮೆಲ್ಲಗೆ. "ಇಷ್ಟಕ್ಕೇ ಹೋಗಲ್ಲ ಅದು."

"ಬರಲಿ. ಫೋನ್ ಕಟ್ ಮಾಡಬ್ಯಾಡ್ರಿ, ಅಷ್ಟೇ. ಬೈರಿ, ಕೇಳ್ತೀನಿ."

"ನೀವು?"

"ಗೊತ್ತಿದ್ದದ್ದು ಇನ್ನ ಮುಚ್ಚಿಡಂಗಿಲ್ಲ."

"ಸರಿ. ಹಾಗಾದ್ರೆ ಈಗ ಗೊತ್ತಿರೋದನ್ನೆಲ್ಲ ಹೇಳಿ."

ಅವನು ಕಿವಿಯವರೆಗೂ ಕೆಂಪಾದ. ಪಾರ್ಕಿಂಗಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಆಚೀಚೆ ನೋಡಿದ. ಯಾರೂ ಇರಲಿಲ್ಲ.

"ನೀವಂದ್ರ ನನಗ... ಭಾಳ ಜೀವರೀ."

ಅವಳ ತುಟಿಯ ಮೇಲೆ ನಗು ಮೂಡಿತು, ಕಣ್ಣಿಂದ ನೀರು ಇಳಿಯಿತು.

"ಗೊತ್ತಿತ್ತು ನಂಗೆ."

"ಗೊತ್ತಿತ್ತಾ? ಮತ್ತ ನೀವ್ಯಾಕ ಸುಮ್ಮನಿದ್ರಿ?"

"ನೀವೇ ಮೊದಲು ಹೇಳ್ಲಿ ಅಂತ," ಎಂದು ಅವಳು ಹಿಟ್ಟು ಮೆತ್ತಿದ್ದ ಅವನ ಕೈ ಹಿಡಿದುಕೊಂಡಳು.