ಸುರಂಗದಲ್ಲಿ ಹಿಡಿದ ಕೈ

ತೊಂಬತ್ತೈದರಲ್ಲಿ ನನಗೂ ನನ್ನ ಹೆಂಡತಿ ಕಮಲಾಕ್ಷಿಗೂ ರೈಲಿನಲ್ಲಿ ಆದದ್ದನ್ನು ಆದ ಹಾಗೇ ಬರೆಯುತ್ತಿದ್ದೇನೆ.

ಬಣಕಲ್ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ಕೂಲಿ. ನಮ್ಮ ಮಗಳು ಪುಟ್ಟಿಗೆ ಜ್ವರ ನೆತ್ತಿಗೇರಿದ ದಿನ, ಆಸ್ಪತ್ರೆಗೆ ಜೀಪು ಕೊಡಿ ಎಂದು ಸಾಹುಕಾರರ ಕಾಲು ಹಿಡಿದೆ.

“ಜೀಪ್ ಇರೋದು ಪಾರ್ಚ್‌ಮೆಂಟ್ ಕಾಫಿಗೇನೋ, ನಿನ್ ಮಗೀಗೇನೋ?” ಎಂದರು.

ಒಣಗಿಸಿದ ಕಾಫಿ ಬೀಜದ ಮೂಟೆಗಳು ಜೀಪಿನಲ್ಲಿ ಮೂಡಿಗೆರೆಗೆ ಹೋದವು. ಪುಟ್ಟಿ ಸತ್ತಳು. ಕಮಲಾಕ್ಷಿ ಮಾತು ಬಿಟ್ಟಳು.

ನಾಲ್ಕು ಊರು ತೋರಿಸಿದರೆ ಸರಿಹೋದಾಳೆಂದು ಮೈಸೂರಿಗೆ ಕರೆದೊಯ್ದೆ. ಅರಮನೆ ಎದುರೂ ತಲೆ ಎತ್ತಲಿಲ್ಲ. ಅಲ್ಲಿಂದ ಮಂಗಳೂರಿನ ರೈಲು ಹತ್ತಿದೆವು.

ಸಕಲೇಶಪುರ ದಾಟಿ ಘಾಟಿಯ ಮೊದಲ ಸುರಂಗ ಬಂತು. ಬೋಗಿಯವರೆಲ್ಲ ‘ಕೂ’ ಎಂದು ಕೂಗಿದರು. ಆ ಕತ್ತಲಲ್ಲಿ ಪುಟ್ಟ ಕೈಯೊಂದು ನನ್ನ ಬೆರಳು ಹಿಡಿಯಿತು. ಕೆಂಡದ ಹಾಗೆ ಸುಡುತ್ತಿತ್ತು. ಕಾಫಿ ಮೂಟೆಯ ಗೋಣಿ ವಾಸನೆ ಮೂಗಿಗೆ ಬಡಿಯಿತು. ಬೆಳಕಾದಾಗ ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ; ಕಮಲಾಕ್ಷಿಯ ಎಡಗೈ ಏನನ್ನೋ ಹಿಡಿದ ಹಾಗೆ ಮುಚ್ಚಿತ್ತು. ಪ್ರತಿ ಸುರಂಗದಲ್ಲೂ ಹೀಗೇ ಆಯಿತು.

ಮಂಗಳೂರಿನಲ್ಲಿ ಇಳಿಯುವಾಗ ಕಮಲಾಕ್ಷಿ ಬಾಯಿ ಬಿಟ್ಟಳು.

“ನಿಮ್ಗೂ ಸಿಕ್ಳಲ್ಲ? ಇದೇ ರೈಲಲ್ಲಿ ವಾಪಸ್ ಹೋಗಣ.”

“ಸುಮ್ನಿರು ಮಾರಾಯ್ತಿ,” ಎಂದು ಗದರಿ, ಊರಿಗೆ ಹೋಗುವ ಚಾರ್ಮಾಡಿ ಘಾಟಿಯ ಬಸ್ಸಿಗೆ ಹತ್ತಿಸಿದೆ.

ಮರುವರ್ಷ ಹಳಿ ಬದಲಾಯಿಸಲು ಆ ದಾರಿಯ ರೈಲನ್ನೇ ನಿಲ್ಲಿಸಿದರು. ಕಮಲಾಕ್ಷಿ ಮತ್ತೆ ಮಾತಾಡಿಲ್ಲ. ಮೈಯೆಲ್ಲ ತಣ್ಣಗಿದ್ದರೂ ಅವಳ ಎಡಗೈ ಮಾತ್ರ ಇವತ್ತಿಗೂ ಜ್ವರ ಬಂದ ಹಾಗೆ ಸುಡುತ್ತದೆ.